ಬಾಡಿಗೆ ಕಾರು ಶಾಖೆಗಳಲ್ಲಿ ಮಾರಾಟ ಮತ್ತು ಲೆಕ್ಕಪತ್ರದ ಅಕ್ರಮಗಳು

ಕಾರನ್ನು ಚಾಲಕನಿಲ್ಲದೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕಂಪನಿಗಳ ಶಾಖೆಗಳಲ್ಲಿ ನೌಕರರು ಗ್ರಾಹಕನ ಅರಿವಿಲ್ಲದೆ ಅಥವಾ ಅವನ ದಾರಿ ತಪ್ಪಿಸಿ ಹೆಚ್ಚುವರಿ ಹಣ ಪಡೆಯುವುದು, ಶಾಖೆಯ ತಿಂಗಳ ಲೆಕ್ಕ ಚೆನ್ನಾಗಿ ಕಾಣುವಂತೆ ದಾಖಲೆಗಳನ್ನು ತಿದ್ದುವುದು, ಇವೆರಡೂ ಈ ಲೇಖನದ ವಿಷಯ. ಅಮೆರಿಕದಲ್ಲಿ ಈ ಉದ್ಯಮ ಹುಟ್ಟಿ ನೂರು ವರ್ಷ ದಾಟಿದೆ. ಮೊಕದ್ದಮೆ, ಸರ್ಕಾರಿ ತನಿಖೆ, ದಂಡ, ಹಿಂದಿನ ನೌಕರರ ಹೇಳಿಕೆ ಎಲ್ಲವೂ ಹೇರಳವಾಗಿ ಸಿಗುವುದು ಅಲ್ಲಿಯೇ ಆದ್ದರಿಂದ ಇಲ್ಲಿನ ವಿವರಣೆ ಮುಖ್ಯವಾಗಿ ಅಮೆರಿಕದ್ದು. ಯುರೋಪ್, ಕೆನಡಾ, ಆಸ್ಟ್ರೇಲಿಯಾಗಳ ಪ್ರಕರಣಗಳು ಜೊತೆಗೆ ಬರುತ್ತವೆ.

ಈ ಅಕ್ರಮಗಳನ್ನು ಒಬ್ಬಿಬ್ಬರ ದುರಾಸೆ ಎಂದು ಬದಿಗಿಡುವುದು ಸುಲಭ, ಆದರೆ ದಾಖಲೆಗಳು ಹಾಗೆ ಹೇಳುವುದಿಲ್ಲ. ಶಾಖೆಯನ್ನು ಯಾವ ಅಂಕಿಯಿಂದ ಅಳೆದರೋ ಆ ಅಂಕಿಯ ಸುತ್ತಲೇ ಮೋಸ ಬೆಳೆದಿದೆ. ವಿಮೆಯಂಥ ರಕ್ಷಣೆಯ ಮಾರಾಟಕ್ಕೆ ಬಹುಮಾನವಿದ್ದ ಕಡೆ ಒಪ್ಪಿಗೆಯಿಲ್ಲದ ರಕ್ಷಣೆ ಬಿಲ್ಲಿಗೆ ಸೇರಿದೆ. ಕಾರು ಖಾಲಿ ನಿಲ್ಲಬಾರದೆಂಬ ಒತ್ತಡವಿದ್ದ ಕಡೆ ಇಲ್ಲದ ಗ್ರಾಹಕನ ಹೆಸರಲ್ಲಿ ಕರಾರು ತೆರೆದಿದೆ. ಗ್ರಾಹಕ ತೃಪ್ತಿಗೆ ಬಡ್ತಿ ಕಟ್ಟಿಹಾಕಿದ ಕಡೆ ಅತೃಪ್ತ ಗ್ರಾಹಕನ ಫೋನ್ ನಂಬರೇ ಬದಲಾಗಿದೆ.

ಉದ್ಯಮದ ರಚನೆ

1916ರಲ್ಲಿ ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ ಜೋ ಸಾಂಡರ್ಸ್ ತನ್ನ ಫೋರ್ಡ್ ಕಾರನ್ನು ಮೈಲಿ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಆರಂಭಿಸಿದ. 1918ರಲ್ಲಿ ಶಿಕಾಗೋದ ವಾಲ್ಟರ್ ಜೇಕಬ್ಸ್ ಸುಮಾರು ಒಂದು ಡಜನ್ ಮಾಡೆಲ್ ಟಿ ಕಾರುಗಳೊಂದಿಗೆ ಇದೇ ವ್ಯವಹಾರಕ್ಕೆ ಇಳಿದ. 1923ರಲ್ಲಿ ಅದನ್ನು ಜಾನ್ ಹರ್ಟ್ಜ್ ಕೊಂಡುಕೊಂಡು ತನ್ನ ಹೆಸರಿಟ್ಟ. ವಿಮಾನ ನಿಲ್ದಾಣದಲ್ಲೇ ಕಾರು ಸಿಗಬೇಕೆಂಬ ಯೋಚನೆಯ ಮೇಲೆ ವಾರೆನ್ ಏವಿಸ್ ತನ್ನ ಕಂಪನಿ ಕಟ್ಟಿದ. 1946ರಲ್ಲಿ ಡೆಟ್ರಾಯಿಟ್ ಬಳಿಯ ವಿಲೋ ರನ್ ನಿಲ್ದಾಣದಲ್ಲಿ ಅವನು ಮೊದಲ ಶಾಖೆ ತೆರೆದ. ಸೇಂಟ್ ಲೂಯಿಸ್‌ನ ಜ್ಯಾಕ್ ಟೇಲರ್ 1957ರಲ್ಲಿ ಆರಂಭಿಸಿದ ಎಂಟರ್‌ಪ್ರೈಸ್ ಬೇರೆ ದಾರಿ ಹಿಡಿಯಿತು. ಅಪಘಾತವಾಗಿ ಕಾರು ಗ್ಯಾರೇಜ್ ಸೇರಿದವರಿಗೆ, ಅವರ ವಿಮಾ ಕಂಪನಿಯ ಖರ್ಚಿನಲ್ಲಿ ಬದಲಿ ಕಾರು ಕೊಡುವುದು ಅದರ ಮುಖ್ಯ ವ್ಯವಹಾರವಾಯಿತು. ವಿಮಾನ ನಿಲ್ದಾಣ ಬಿಟ್ಟು ಊರೊಳಗಿನ ಬಡಾವಣೆಗಳಲ್ಲಿ ಅದರ ಸಣ್ಣ ಸಣ್ಣ ಶಾಖೆಗಳು ಹರಡಿಕೊಂಡವು. 2012ರ ಕೊನೆಯಲ್ಲಿ ಹರ್ಟ್ಜ್ ಕಂಪನಿ ಡಾಲರ್ ಥ್ರಿಫ್ಟಿಯನ್ನು ಕೊಂಡ ಮೇಲೆ ಅಮೆರಿಕದ ಮಾರುಕಟ್ಟೆಯ ಬಹುಪಾಲು ಎಂಟರ್‌ಪ್ರೈಸ್, ಹರ್ಟ್ಜ್, ಏವಿಸ್ ಬಜೆಟ್ ಎಂಬ ಮೂರು ಗುಂಪುಗಳ ಕೈಯಲ್ಲಿದೆ.

ಎಂಟರ್‌ಪ್ರೈಸ್‌ನಂಥ ಕಂಪನಿಯಲ್ಲಿ ಶಾಖೆಯ ನೌಕರ ಬಹುತೇಕ ಹೊಸದಾಗಿ ಪದವಿ ಮುಗಿಸಿದ ಹುಡುಗ ಅಥವಾ ಹುಡುಗಿ. ‘ಮ್ಯಾನೇಜ್‌ಮೆಂಟ್ ಟ್ರೇನಿ’ ಎಂಬ ಹುದ್ದೆ. ಕೌಂಟರಿನಲ್ಲಿ ನಿಲ್ಲುವುದು, ಫೋನ್ ಎತ್ತುವುದು, ಗ್ರಾಹಕನನ್ನು ಮನೆಯಿಂದ ಕರೆತರುವುದು, ಟೈ ಕಟ್ಟಿಕೊಂಡೇ ಕಾರು ತೊಳೆಯುವುದು ಎಲ್ಲವೂ ಅವರದೇ ಕೆಲಸ. ಮೊದಲ ಸಂಬಳ ಕಡಿಮೆ. ಮುಂದೆ ಶಾಖಾ ವ್ಯವಸ್ಥಾಪಕರಾದರೆ ಶಾಖೆಯ ಲಾಭದಲ್ಲಿ ಪಾಲು ಸಿಗುತ್ತದೆ ಎಂಬ ಭರವಸೆ ಅವರನ್ನು ಹಿಡಿದಿಡುತ್ತದೆ. ಹೀಗಾಗಿ ಪ್ರತಿ ಶಾಖೆಯೂ ಒಂದು ಪುಟ್ಟ ಅಂಗಡಿಯಂತೆ ತನ್ನದೇ ಲಾಭ ನಷ್ಟದ ಪಟ್ಟಿ ಇಟ್ಟುಕೊಳ್ಳುತ್ತದೆ. ನೌಕರರ ಹೆಸರಿನ ಮುಂದೆ ದಿನಕ್ಕೆ ಸರಾಸರಿ ಎಷ್ಟು ಹೆಚ್ಚುವರಿ ಮಾರಿದರು, ನೂರು ಕರಾರಿನಲ್ಲಿ ಎಷ್ಟಕ್ಕೆ ರಕ್ಷಣೆ ಸೇರಿಸಿದರು ಎಂಬ ಅಂಕಿ ಬರೆದ ಪಟ್ಟಿಯನ್ನು ಪ್ರದೇಶದ ಎಲ್ಲ ಶಾಖೆಗಳಿಗೂ ಕಳಿಸುವ ರೂಢಿ ಇದೆ. ಕೊನೆಯ ಸ್ಥಾನದಲ್ಲಿ ಹೆಸರು ಕಂಡ ಇಪ್ಪತ್ತಮೂರರ ಹುಡುಗನ ಮೇಲೆ ಬೀಳುವ ಒತ್ತಡವನ್ನು ಅರ್ಥ ಮಾಡಿಕೊಳ್ಳದೆ ಮುಂದಿನದನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ಅಂತರ್ಜಾಲದಲ್ಲಿ ದರ ಹೋಲಿಸಿ ಕಾಯ್ದಿರಿಸುವ ಪದ್ಧತಿ ಬಂದ ಮೇಲೆ ಈ ಒತ್ತಡ ಹೆಚ್ಚಿತು. ಪಟ್ಟಿಯಲ್ಲಿ ಮೇಲೆ ಕಾಣಬೇಕಾದರೆ ದಿನದ ಬಾಡಿಗೆಯನ್ನು ತೀರ ಕಡಿಮೆ ತೋರಿಸಬೇಕು. ಅಲ್ಲಿ ಕಳೆದುಕೊಂಡದ್ದನ್ನು ಕೌಂಟರಿನಲ್ಲಿ ಗಳಿಸಬೇಕು.

ಕೌಂಟರಿನಲ್ಲಿ

ಅಲ್ಲಿ ಮಾರುವ ಸರಕುಗಳಲ್ಲಿ ದೊಡ್ಡದು ‘ಡ್ಯಾಮೇಜ್ ವೇವರ್’. ಕಾರಿಗೆ ಹಾನಿಯಾದರೆ ಅಥವಾ ಅದು ಕಳುವಾದರೆ ಬಾಡಿಗೆದಾರನಿಂದ ವಸೂಲಿ ಮಾಡುವುದಿಲ್ಲ ಎಂದು ಕಂಪನಿ ಕೊಡುವ ಮಾತು ಅದು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾನೂನಿನ ದೃಷ್ಟಿಯಲ್ಲಿ ಅದು ವಿಮೆ ಅಲ್ಲ. ಆದ್ದರಿಂದ ವಿಮೆಯ ಮೇಲಿನ ನಿಗಾ ಅದಕ್ಕೆ ಅನ್ವಯಿಸುವುದೂ ಇಲ್ಲ. ಒಂದು ಕಾಲದಲ್ಲಿ ಬಾಡಿಗೆದಾರನ ಹೊಣೆ ಕೆಲವು ನೂರು ಡಾಲರಿಗೆ ಸೀಮಿತವಾಗಿತ್ತು. 1980ರ ದಶಕದಲ್ಲಿ ಕಂಪನಿಗಳು ಅದನ್ನು ಏರಿಸುತ್ತಾ ಹೋಗಿ ಕಾರಿನ ಪೂರ್ತಿ ಬೆಲೆಗೆ ಮುಟ್ಟಿಸಿದವು. ಹೊಣೆ ಹೆಚ್ಚಿದಷ್ಟೂ ಅದರಿಂದ ಬಿಡುಗಡೆ ಕೊಡುವ ವೇವರ್ ಸುಲಭವಾಗಿ ಮಾರಾಟವಾಯಿತು. ಭಯವನ್ನೂ ಅದರ ಪರಿಹಾರವನ್ನೂ ಒಂದೇ ಕೌಂಟರ್ ಮಾರುವ ಈ ಏರ್ಪಾಡು ಇಡೀ ವಿಷಯದ ಬೇರು ಎನ್ನಬಹುದು.

ಹಣದ ಪ್ರಮಾಣ ತಿಳಿಯಲು ಒಂದು ಲೆಕ್ಕ ನೋಡೋಣ. ದಿನಕ್ಕೆ 35 ಡಾಲರಿನಂತೆ 7 ದಿನಕ್ಕೆ ಕಾಯ್ದಿರಿಸಿದ ಕಾರಿನ ಬಾಡಿಗೆ 245 ಡಾಲರ್ ಎಂದುಕೊಳ್ಳಿ. ವೇವರ್ ದಿನಕ್ಕೆ 30 ಡಾಲರ್, ಎದುರಿನವರಿಗೆ ಆಗುವ ಹಾನಿಯ ಹೆಚ್ಚುವರಿ ರಕ್ಷಣೆ ದಿನಕ್ಕೆ 15 ಡಾಲರ್ ಆದರೆ ಇವೆರಡೇ 315 ಡಾಲರ್ ಆಗುತ್ತವೆ, ಬಾಡಿಗೆಗಿಂತ ಹೆಚ್ಚು. ಬಾಡಿಗೆಯಿಂದ ಕಾರಿನ ಸವಕಳಿ, ತೊಳೆಯುವಿಕೆ, ನಿಲ್ದಾಣದ ಶುಲ್ಕ ಎಲ್ಲ ಕಳೆಯಬೇಕು. ವೇವರ್‌ನಿಂದ ಬರುವುದರಲ್ಲಿ ದೊಡ್ಡ ಭಾಗ ನೇರ ಲಾಭ. ನೌಕರನ ಕಮಿಷನ್ ಕೂಡ ಇದರ ಮೇಲೆಯೇ.

ಹದಿನಾಲ್ಕು ಗಂಟೆ ಹಾರಿ ಬಂದ ಪ್ರಯಾಣಿಕ ರಾತ್ರಿ ಹನ್ನೊಂದಕ್ಕೆ ಕೌಂಟರಿನ ಮುಂದೆ ನಿಂತಿದ್ದಾನೆ. ಪಕ್ಕದಲ್ಲಿ ಮಕ್ಕಳು, ಹಿಂದೆ ಸಾಲು. ನೌಕರ ಕೇಳುವುದು ‘ರಕ್ಷಣೆ ಬೇಕೆ?’ ಎಂದಲ್ಲ, ‘ಪೂರ್ತಿ ಕವರೇಜ್ ಹಾಕಲೋ, ಬೇಸಿಕ್ ಸಾಕೋ?’ ಎಂದು. ಬೇಡ ಎನ್ನಲು ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ. ಬೇಸಿಕ್ ಸಾಕು ಎಂದವನು ಉಚಿತವಾದದ್ದನ್ನು ಆರಿಸಿದೆ ಎಂದುಕೊಳ್ಳುತ್ತಾನೆ. ಆಮೇಲೆ ಪುಟ್ಟ ಎಲೆಕ್ಟ್ರಾನಿಕ್ ಪರದೆ ಮುಂದೆ ಬರುತ್ತದೆ. ‘ಇಲ್ಲಿ ಸಹಿ, ಇಲ್ಲಿ ಇನಿಷಿಯಲ್, ಇನ್ನೊಂದು ಇಲ್ಲಿ.’ ಆ ಪರದೆಯಲ್ಲಿ ಕಾಣುವುದು ಎರಡು ಮೂರು ಸಾಲು. ಕೆಲವೊಮ್ಮೆ ‘ಇದು ನೀವು ಬೇಡವೆಂದಿದ್ದಕ್ಕೆ ಸಹಿ’ ಎಂದು ಹೇಳಿ ಬೇಕು ಎಂಬುದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಾಗದದ ಕರಾರು ಮಡಿಸಿದ ಲಕೋಟೆಯಲ್ಲಿ ಕೀಲಿಯ ಜೊತೆ ಕೈಗೆ ಬರುತ್ತದೆ, ಬಿಡಿಸಿ ಓದುವುದು ವಾರದ ನಂತರ ಕಾರ್ಡಿನ ಬಿಲ್ ಬಂದಾಗ. 2012ರಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ಡಾಲರ್ ಥ್ರಿಫ್ಟಿ ಮೇಲೆ ಹೂಡಿದ ಸಾಮೂಹಿಕ ದಾವೆಯಲ್ಲಿ ಗ್ರಾಹಕರು ಮಾಡಿದ ಆರೋಪದ ತಿರುಳು ಇದೇ: ಬೇಡವೆಂದು ಬಾಯಿಬಿಟ್ಟು ಹೇಳಿದ ಮೇಲೂ ರಕ್ಷಣೆಯ ಹಣ ಬಿಲ್ಲಿಗೆ ಸೇರಿತ್ತು.

ಇದರ ಸುತ್ತ ಇನ್ನೂ ಅನೇಕ ಮಾತುಗಳಿವೆ. ಈ ರಾಜ್ಯದಲ್ಲಿ ಇದು ಕಡ್ಡಾಯ ಎನ್ನುವುದು. ನಿಮ್ಮ ಕ್ರೆಡಿಟ್ ಕಾರ್ಡಿನ ರಕ್ಷಣೆ ಇಲ್ಲಿ ನಡೆಯುವುದಿಲ್ಲ ಎನ್ನುವುದು. ವೇವರ್ ತೆಗೆದುಕೊಂಡರೆ ಠೇವಣಿ ಕಡಿಮೆ ಎನ್ನುವುದು. ಸಣ್ಣ ಕಾರು ಕಾಯ್ದಿರಿಸಿದವನಿಗೆ ಕೊಡಲು ಸಣ್ಣ ಕಾರು ಶಾಖೆಯಲ್ಲಿ ಇಲ್ಲವೇ ಇಲ್ಲ ಎಂದಾದಾಗ ಅದೇ ದರಕ್ಕೆ ದೊಡ್ಡ ಕಾರು ಕೊಡುವುದು ಕಂಪನಿಯ ಹೊಣೆ. ಅದನ್ನೇ ‘ನಿಮಗಾಗಿ ದಿನಕ್ಕೆ 10 ಡಾಲರಿಗೆ ಅಪ್‌ಗ್ರೇಡ್ ಮಾಡಿಕೊಡುತ್ತೇನೆ’ ಎಂದು ಮಾರುವುದು ಹಿಂದಿನ ನೌಕರರು ಅತಿ ಹೆಚ್ಚು ಒಪ್ಪಿಕೊಂಡಿರುವ ಉಪಾಯ. ಪೆಟ್ರೋಲಿನದು ಬೇರೆ ಕಥೆ. ಮುಂಗಡವಾಗಿ ಪೂರ್ತಿ ಟ್ಯಾಂಕ್ ಮಾರಿದರೆ ಗ್ರಾಹಕ ಉಳಿಸಿ ತಂದಷ್ಟೂ ಕಂಪನಿಗೆ ಉಚಿತ. ತುಂಬಿಸಿ ತಂದವನಿಗೂ ಮುಳ್ಳು ಎಂಟನೇ ಒಂದು ಭಾಗ ಕೆಳಗಿದೆ ಎಂದು ಶುಲ್ಕ ಹಾಕಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಗ್ರಾಹಕ ಹೊರಟ ಮೇಲೆ ನಡೆಯುವುದು. ಕಾರು ಹಿಂದಿರುಗಿ, ಕೀಲಿ ಪೆಟ್ಟಿಗೆಗೆ ಬಿದ್ದ ನಂತರ ಕರಾರನ್ನು ‘ಕ್ಲೋಸ್’ ಮಾಡುವುದು ನೌಕರ. ಅವಧಿ ಮುಗಿಯುವ ಮೊದಲೇ ಬೆಳಗ್ಗೆ ಎಂಟಕ್ಕೆ ಬಂದ ಕಾರನ್ನು ಅವಧಿ ಮೀರಿ ಹತ್ತಕ್ಕೆ ಬಂತೆಂದು ಬರೆದರೆ ಇನ್ನೊಂದು ದಿನದ ಬಾಡಿಗೆ ಸೇರುತ್ತದೆ. ಕಂಪನಿಯ ಹಣದಲ್ಲಿ ಪ್ರಯಾಣಿಸುವವರು, ವಿಮಾ ಕಂಪನಿಯ ಹಣದಲ್ಲಿ ಬದಲಿ ಕಾರು ಪಡೆದವರು ಇಂಥದಕ್ಕೆ ಸುಲಭವಾಗಿ ತುತ್ತಾಗುತ್ತಾರೆ, ಏಕೆಂದರೆ ಬಿಲ್ ನೋಡುವವನು ಬೇರೆ, ಕಾರು ಓಡಿಸಿದವನು ಬೇರೆ. ವಿಮಾ ಕಂಪನಿ ಮಧ್ಯಮ ದರ್ಜೆಯ ಕಾರಿಗೆ ಹಣ ಕೊಡುತ್ತಿದ್ದರೆ ಸಣ್ಣ ಕಾರು ಕೊಟ್ಟು ಮಧ್ಯಮದ ದರ ಬರೆಯಬಹುದು. ಗ್ಯಾರೇಜಿನಲ್ಲಿ ದುರಸ್ತಿ ಮುಗಿದ ಮೇಲೂ ಒಂದೆರಡು ದಿನ ಎಳೆಯಬಹುದು.

ಮಾರಾಟವೆಲ್ಲ ಮೋಸವೆಂದು ಇದರಿಂದ ತಿಳಿಯಬಾರದು. ಅಮೆರಿಕದಲ್ಲಿ ಸ್ವಂತ ಕಾರಿನ ವಿಮೆ ಇರುವವರಿಗೆ ಅದೇ ವಿಮೆ ಬಾಡಿಗೆ ಕಾರಿಗೂ ಸಾಮಾನ್ಯವಾಗಿ ಅನ್ವಯಿಸುತ್ತದೆ, ಅವರಿಗೆ ವೇವರ್ ಅನಗತ್ಯ. ಆದರೆ ಮಗಳ ಮನೆಗೆಂದು ಮೈಸೂರಿನಿಂದ ಹೋದ ತಂದೆತಾಯಿಗೆ ಅಲ್ಲಿ ಯಾವ ವಿಮೆಯೂ ಇರುವುದಿಲ್ಲ. ಅಪಘಾತದಲ್ಲಿ ಎದುರಿನವರಿಗೆ ಗಾಯವಾದರೆ ಅಲ್ಲಿನ ಪರಿಹಾರದ ಮೊತ್ತ ಮನೆಮಠ ಮಾರಿದರೂ ತೀರುವಂಥದ್ದಲ್ಲ. ಅವರಿಗೆ ಹೆಚ್ಚುವರಿ ಹೊಣೆಯ ರಕ್ಷಣೆ ನಿಜಕ್ಕೂ ಬೇಕು. ತೊಂದರೆ ಎಂದರೆ, ಹೊರದೇಶದಿಂದ ಕಾಯ್ದಿರಿಸುವ ದರಗಳಲ್ಲಿ ಈ ರಕ್ಷಣೆಗಳು ಅನೇಕ ಸಲ ಮೊದಲೇ ಸೇರಿರುತ್ತವೆ. ಕೌಂಟರಿನಲ್ಲಿ ಅದನ್ನೇ ಎರಡನೇ ಬಾರಿ ಮಾರುತ್ತಾರೆ. ಅವಶ್ಯಕತೆ ಇರುವವನಿಗೂ ಇಲ್ಲದವನಿಗೂ ಒಂದೇ ಮಾತು ಹೇಳುವುದರಿಂದ ಸತ್ಯ ಹೇಳುವ ನೌಕರನ ಮಾತನ್ನೂ ನಂಬದ ಸ್ಥಿತಿ ಬಂದಿದೆ.

ಹಾನಿಯ ಬಿಲ್ಲು

ಈ ಕ್ಷೇತ್ರದ ದೊಡ್ಡ ಕ್ರಿಮಿನಲ್ ಪ್ರಕರಣಗಳಲ್ಲೊಂದು 1988ರದು. ಆ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಲಯದಲ್ಲಿ ಹರ್ಟ್ಜ್ ಕಂಪನಿ ತಪ್ಪೊಪ್ಪಿಕೊಂಡಿತು. 1978ರಿಂದ 1985ರವರೆಗೆ ಅಪಘಾತಕ್ಕೀಡಾದ ಬಾಡಿಗೆ ಕಾರುಗಳ ದುರಸ್ತಿಗೆ ಗ್ಯಾರೇಜುಗಳಿಗೆ ತಾನು ರಿಯಾಯಿತಿ ದರದಲ್ಲಿ ಹಣ ಕೊಟ್ಟು, ಗ್ರಾಹಕರಿಂದ ಮತ್ತು ವಿಮಾ ಕಂಪನಿಗಳಿಂದ ಚಿಲ್ಲರೆ ಮಾರುಕಟ್ಟೆಯ ಪೂರ್ತಿ ದರ ವಸೂಲಿ ಮಾಡಿತ್ತು. ಮಾಡದ ದುರಸ್ತಿಯ ಬಿಲ್ಲುಗಳೂ ಅದರಲ್ಲಿದ್ದವು. ಹಾಗೆ ಹೆಚ್ಚು ಕೊಟ್ಟವರ ಸಂಖ್ಯೆ ಸುಮಾರು 1,10,000, ಹೆಚ್ಚು ಪಡೆದ ಮೊತ್ತ 1.37 ಕೋಟಿ ಡಾಲರ್. ಅದನ್ನು ಹಿಂದಿರುಗಿಸುವುದರ ಜೊತೆಗೆ ಕಂಪನಿ 68.5 ಲಕ್ಷ ಡಾಲರ್ ದಂಡ ಕಟ್ಟಿತು. ಒಬ್ಬೊಬ್ಬ ಗ್ರಾಹಕನಿಗೆ ಆದ ನಷ್ಟ ಸರಾಸರಿ 125 ಡಾಲರಿನಷ್ಟು. ವಕೀಲನನ್ನು ಹಿಡಿಯಲು ಅದು ಸಾಲದು, ಕಂಪನಿಗೆ ಅದೇ ಕೋಟಿ ದಾಟುತ್ತದೆ. ಏಳು ವರ್ಷ ಇದು ನಡೆದದ್ದು ಹೇಗೆ ಎಂಬುದಕ್ಕೆ ಈ ಸಣ್ಣ ಭಾಗಾಕಾರವೇ ಉತ್ತರ.

ಇಂಥದೇ ಸಂಶಯ ಬ್ರಿಟನ್ನಿನಲ್ಲಿ ಯೂರೋಪ್‌ಕಾರ್ ಮೇಲೆ ಬಂತು. ದುರಸ್ತಿಗೆ ನಿಜವಾಗಿ ಖರ್ಚಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಲಾಗಿದೆಯೇ ಎಂದು ಲೆಸ್ಟರ್ ನಗರದ ವ್ಯಾಪಾರ ನಿಗಾ ಇಲಾಖೆ ತನಿಖೆ ನಡೆಸುತ್ತಿರುವುದನ್ನು 2017ರಲ್ಲಿ ಕಂಪನಿಯೇ ಪ್ರಕಟಿಸಿತು. ಆಸ್ಟ್ರೇಲಿಯಾದಲ್ಲಿ ಅದೇ ಕಂಪನಿಗೆ, ಹಾನಿಯಾದಾಗ ಗ್ರಾಹಕನ ಹೊಣೆ ಎಷ್ಟೆಂಬುದರ ಬಗ್ಗೆ ದಾರಿ ತಪ್ಪಿಸಿದ್ದಕ್ಕಾಗಿ ಫೆಡರಲ್ ನ್ಯಾಯಾಲಯ 2015ರಲ್ಲಿ 1 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಶಾಖೆಯ ಮಟ್ಟದಲ್ಲಿ ಹಾನಿಯ ಆಟ ಸರಳ. ಬಾಗಿಲಿನ ಒಂದು ಗೀರು ದಾಖಲಾಗದೆ ಉಳಿದರೆ ಅದನ್ನು ಒಬ್ಬನಿಂದ ವಸೂಲಿ ಮಾಡಿ, ದುರಸ್ತಿ ಮಾಡಿಸದೆ, ಮುಂದಿನವನಿಂದಲೂ ವಸೂಲಿ ಮಾಡಬಹುದು. ಗ್ರಾಹಕ ಕಾರು ಪಡೆಯುವಾಗ ಕತ್ತಲೆ, ಮಳೆ, ನೆಲಮಾಳಿಗೆಯ ಪಾರ್ಕಿಂಗ್ ಇದ್ದರೆ ಇದು ಇನ್ನೂ ಸುಲಭ. ದುರಸ್ತಿಯ ಹಣದ ಜೊತೆ ‘ಕಾರು ದುಡಿಯದೆ ನಿಂತ ದಿನಗಳ ನಷ್ಟ’, ‘ಆಡಳಿತ ಶುಲ್ಕ’, ‘ಮರುಮಾರಾಟದ ಬೆಲೆ ಕುಸಿತ’ ಎಂಬ ಸಾಲುಗಳು ಸೇರುತ್ತವೆ. ಶಾಖೆಯಲ್ಲಿ ಇಪ್ಪತ್ತು ಕಾರು ಖಾಲಿ ನಿಂತಿರುವಾಗ ಒಂದು ಕಾರು ಗ್ಯಾರೇಜಿನಲ್ಲಿದ್ದುದರಿಂದ ದುಡಿಮೆ ನಷ್ಟವಾಯಿತು ಎನ್ನುವ ವಾದಕ್ಕೆ ಹುರುಳಿಲ್ಲ. ಆದರೂ ಆ ಸಾಲು ಬಿಲ್ಲಿನಲ್ಲಿ ಇರುತ್ತದೆ.

2025ರಿಂದ ಹರ್ಟ್ಜ್ ಕಂಪನಿ ಅಟ್ಲಾಂಟ ವಿಮಾನ ನಿಲ್ದಾಣದಿಂದ ಆರಂಭಿಸಿ ಯುವಿಐ ಎಂಬ ಕಂಪನಿಯ ಕ್ಯಾಮೆರಾ ಕಮಾನುಗಳನ್ನು ಅಳವಡಿಸುತ್ತಿದೆ. ಕಾರು ಹೋಗುವಾಗ, ಬರುವಾಗ ಚಿತ್ರ ತೆಗೆದು ಕೃತಕ ಬುದ್ಧಿಮತ್ತೆ ವ್ಯತ್ಯಾಸ ಹುಡುಕುತ್ತದೆ. ನೌಕರನ ಮರ್ಜಿ ಇಲ್ಲವಾಗಿ ನ್ಯಾಯ ಹೆಚ್ಚಬೇಕಿತ್ತು. ಆದರೆ ಆ ವರ್ಷ ಪತ್ರಿಕೆಗಳಲ್ಲಿ ಬಂದ ಒಂದು ಬಿಲ್ಲು ಹೀಗಿತ್ತು: ಚಕ್ರದ ಮೇಲಿನ ಒಂದು ಅಂಗುಲದ ಗೀರಿನ ದುರಸ್ತಿಗೆ 250 ಡಾಲರ್, ಅದನ್ನು ಪರಿಶೀಲಿಸಿದ್ದಕ್ಕೆ 125, ಆಡಳಿತಕ್ಕೆ 65, ಒಟ್ಟು 440. ಗೀರು ನಿಜವಿರಬಹುದು, ಆದರೆ ಯಂತ್ರ ಕ್ಷಣದಲ್ಲಿ ಕಂಡುಹಿಡಿದದ್ದರ ಪರಿಶೀಲನೆ ಮತ್ತು ಆಡಳಿತಕ್ಕೆ 190 ಡಾಲರ್ ಏಕೆ ಎಂಬ ಪ್ರಶ್ನೆಗೆ ಕೌಂಟರಿನಲ್ಲಿ ಉತ್ತರಿಸುವವರೇ ಈಗ ಇಲ್ಲ.

ಟೋಲ್ ಶುಲ್ಕವೂ ಇದೇ ಜಾತಿಯದು. ಕ್ಯಾಮೆರಾ ಮೂಲಕವೇ ಟೋಲ್ ವಸೂಲಿ ಮಾಡುವ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಹಾದುಹೋದ ಬಾಡಿಗೆದಾರರಿಗೆ ‘ಪ್ಲೇಟ್‌ಪಾಸ್’ ಸೇವೆಯ ಹೆಸರಲ್ಲಿ ಟೋಲಿಗಿಂತ ಎಷ್ಟೋ ಹೆಚ್ಚು ಹಣ ಹಾಕಿದ್ದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ನಗರ 2017ರಲ್ಲಿ ಹರ್ಟ್ಜ್ ಮೇಲೆ ದಾವೆ ಹೂಡಿತು. 2019ರಲ್ಲಿ 36.5 ಲಕ್ಷ ಡಾಲರಿಗೆ ರಾಜಿಯಾಯಿತು.

ತಿಂಗಳ ಕೊನೆಯ ಲೆಕ್ಕ

ಗ್ರಾಹಕನಿಗೆ ಕಾಣದ ಭಾಗ ಶಾಖೆಯ ಪುಸ್ತಕದಲ್ಲಿದೆ. ಇಲ್ಲಿ ಮೋಸ ಹೋಗುವುದು ಕಂಪನಿಯ ಮೇಲಧಿಕಾರಿಗಳು, ಕೆಲವೊಮ್ಮೆ ತಿಳಿದೂ ತಿಳಿಯದಂತೆ ಇರುವ ಮೇಲಧಿಕಾರಿಗಳು.

ಖಾಲಿ ನಿಂತ ಕಾರು ಆ ದಿನದ ದುಡಿಮೆಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಆದ್ದರಿಂದ ನೂರರಲ್ಲಿ ಎಷ್ಟು ಕಾರು ರಸ್ತೆಯ ಮೇಲಿದ್ದವು ಎಂಬ ‘ಯುಟಿಲೈಸೇಷನ್’ ಅಂಕಿ ಶಾಖೆಯ ನಾಡಿಮಿಡಿತ. ಆ ಅಂಕಿ ಕುಸಿದಾಗ ವ್ಯವಸ್ಥಾಪಕ ಸಂಜೆ ಮುಚ್ಚುವ ಮೊದಲು ಒಂದೆರಡು ಕಾರುಗಳಿಗೆ ನಕಲಿ ಕರಾರು ತೆರೆದು, ಬೆಳಗ್ಗೆ ರದ್ದು ಮಾಡಿದರೆ ರಾತ್ರಿಯ ಎಣಿಕೆಯಲ್ಲಿ ಅವು ಬಾಡಿಗೆಗೆ ಹೋದಂತೆಯೇ. ಕಾರನ್ನು ‘ದುರಸ್ತಿಯಲ್ಲಿದೆ’ ಎಂದು ಗುರುತಿಸಿ ಲೆಕ್ಕದಿಂದಲೇ ಹೊರಗಿಡಬಹುದು. ತಿಂಗಳ ಕೊನೆಯ ದಿನ ಖಾಲಿ ಕಾರುಗಳನ್ನು ನೆರೆಯ ಶಾಖೆಯ ಹೆಸರಿಗೆ ವರ್ಗಾಯಿಸಬಹುದು. ಕಾರು ಅಲುಗಿರುವುದಿಲ್ಲ, ಪರದೆಯ ಮೇಲೆ ಮಾತ್ರ ಊರು ಬದಲಾಗಿರುತ್ತದೆ.

ಇಲ್ಲಿ ಅಂಕಿಯ ಒತ್ತಡ ಹಣವನ್ನು ದಾಟಿ ಜೀವವನ್ನೇ ಮುಟ್ಟಿದ ಪ್ರಕರಣವೊಂದಿದೆ. 2004ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ ಎಂಟರ್‌ಪ್ರೈಸ್‌ನಿಂದ ಬಾಡಿಗೆಗೆ ಪಡೆದ ಪಿಟಿ ಕ್ರೂಸರ್ ಕಾರು ಹೆದ್ದಾರಿಯಲ್ಲಿ ಟ್ರಕ್ಕಿಗೆ ಅಪ್ಪಳಿಸಿ ಹೌಕ್ ಎಂಬ ಮನೆತನದ ಇಬ್ಬರು ಯುವ ಸಹೋದರಿಯರು ಸತ್ತರು. ಪವರ್ ಸ್ಟೀರಿಂಗ್ ಕೊಳವೆ ಸೋರಿ ಬೆಂಕಿ ಹತ್ತಬಹುದೆಂದು ತಯಾರಕ ಕಂಪನಿ ಆ ಮಾದರಿಯನ್ನು ವಾಪಸ್ ಕರೆದಿತ್ತು. ದುರಸ್ತಿ ಮಾಡಿಸದೆಯೇ ಕಾರನ್ನು ಬಾಡಿಗೆಗೆ ಬಿಡಲಾಗಿತ್ತು. 2010ರಲ್ಲಿ ತೀರ್ಪುಗಾರ ಮಂಡಳಿ ಹೆತ್ತವರಿಗೆ 1.5 ಕೋಟಿ ಡಾಲರ್ ಪರಿಹಾರ ನಿಗದಿ ಮಾಡಿತು. ಅವರ ತಾಯಿಯ ಹಲವು ವರ್ಷಗಳ ಹೋರಾಟದಿಂದ, ಆ ಸಹೋದರಿಯರ ಹೆಸರನ್ನೇ ಹೊತ್ತ ಕಾನೂನು 2015ರ ಡಿಸೆಂಬರ್‌ನಲ್ಲಿ ಬಂದು 2016ರ ಜೂನ್ 1ರಿಂದ ಜಾರಿಯಾಯಿತು. 35ಕ್ಕಿಂತ ಹೆಚ್ಚು ವಾಹನ ಇರುವ ಬಾಡಿಗೆ ಕಂಪನಿಗಳು ವಾಪಸ್ ಕರೆದ ಕಾರನ್ನು ದುರಸ್ತಿಯಿಲ್ಲದೆ ಬಾಡಿಗೆಗೆ ಕೊಡುವಂತಿಲ್ಲ. ಕಾರನ್ನು ನಿಲ್ಲಿಸಿದರೆ ಅಂಕಿ ಕೆಡುತ್ತದೆ ಎಂಬ ಲೆಕ್ಕಾಚಾರ ನಡೆಯುವ ಜಾಗದಲ್ಲಿ ಇಂಥ ಕಾನೂನು ಹನ್ನೊಂದು ವರ್ಷ ಮೊದಲೇ ಇರಬೇಕಿತ್ತು.

ಉಳಿದ ಲೆಕ್ಕದ ಉಪಾಯಗಳು ಎಲ್ಲ ವ್ಯಾಪಾರಗಳಲ್ಲೂ ಕಾಣುವಂಥವು. ಕಾರು ತೊಳೆಯುವವನ, ಗಾಜಿನ ಅಂಗಡಿಯವನ ಬಿಲ್ಲನ್ನು ಮುಂದಿನ ತಿಂಗಳವರೆಗೆ ಡ್ರಾಯರಿನಲ್ಲಿಡುವುದು. ದೂರು ಕೊಟ್ಟವನಿಗೆ ಹಣ ವಾಪಸ್ ಕೊಡಲು ಒಪ್ಪಿ, ಕಮಿಷನ್ ಲೆಕ್ಕ ಮುಗಿಯುವವರೆಗೆ ಕೊಡದಿರುವುದು. ವಸೂಲಾಗದ ಬಾಕಿಯನ್ನು ಬರಬೇಕಾದ ಹಣವೆಂದೇ ತೋರಿಸುತ್ತಾ ಹೋಗುವುದು. ಬಾಡಿಗೆ ಕಾರಿನ ವ್ಯವಹಾರಕ್ಕೇ ವಿಶಿಷ್ಟವಾದ ಒಂದಿದೆ: ಸದಸ್ಯತ್ವ ಇಲ್ಲದ ಗ್ರಾಹಕನ ಕರಾರಿಗೆ ನೌಕರ ತನ್ನ ಅಥವಾ ಗೆಳೆಯನ ಲಾಯಲ್ಟಿ ನಂಬರ್ ಸೇರಿಸಿ ಅಂಕ ಗಿಟ್ಟಿಸಿಕೊಳ್ಳುವುದು. ಗ್ರಾಹಕನಿಗೆ ನಯಾಪೈಸೆ ನಷ್ಟವಿಲ್ಲ, ಆದ್ದರಿಂದ ದೂರುವವರೂ ಇಲ್ಲ.

ತೃಪ್ತಿಯ ಅಂಕ

ಗ್ರಾಹಕರ ಅತೃಪ್ತಿಗೆ ಮದ್ದಾಗಿ ಎಂಟರ್‌ಪ್ರೈಸ್ 1990ರ ದಶಕದಲ್ಲಿ ತೃಪ್ತಿಯ ಸೂಚ್ಯಂಕವೊಂದನ್ನು ತಂದಿತು. ಗ್ರಾಹಕರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳುವುದು. ‘ಸಂಪೂರ್ಣ ತೃಪ್ತಿ’ ಎಂದವರನ್ನು ಮಾತ್ರ ಎಣಿಸುವುದು. ಕಂಪನಿಯ ಸರಾಸರಿಗಿಂತ ಕೆಳಗಿನ ಶಾಖೆಯವರಿಗೆ ಬಡ್ತಿ ಕೊಡದಿರುವುದು. ವ್ಯವಹಾರ ಸಲಹೆಗಾರ ಫ್ರೆಡರಿಕ್ ರೈಕ್‌ಹೆಲ್ಡ್ 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಪ್ರಸಿದ್ಧ ಲೇಖನಕ್ಕೆ ಇದೇ ಪ್ರೇರಣೆ. ಇಂದು ಬ್ಯಾಂಕಿನಿಂದ ಆಸ್ಪತ್ರೆಯವರೆಗೆ ಎಲ್ಲರೂ ಕೇಳುವ ‘ನಮ್ಮನ್ನು ಬೇರೆಯವರಿಗೆ ಶಿಫಾರಸು ಮಾಡುತ್ತೀರಾ?’ ಎಂಬ ಪ್ರಶ್ನೆ ಆ ಲೇಖನದಿಂದ ಹರಡಿದ್ದು.

ಮದ್ದು ಒಳ್ಳೆಯದೇ ಆಗಿತ್ತು, ಮಾರಾಟದ ಒತ್ತಡಕ್ಕೆ ಒಂದು ಎದುರು ತೂಕ ಬಂತು. ಆದರೆ ಬಡ್ತಿಯನ್ನು ಒಂದೇ ಅಂಕಿಗೆ ಕಟ್ಟಿದಾಗ ಅದೂ ತಿದ್ದುಪಡಿಗೆ ಒಳಗಾಯಿತು. ಸಿಟ್ಟಾಗಿ ಹೋದ ಗ್ರಾಹಕನ ನಂಬರಿನ ಒಂದು ಅಂಕೆ ಬದಲಿಸುವುದು, ನಂಬರೇ ಅಳಿಸುವುದು, ಕಾರು ಹಿಂದಿರುಗಿಸುವಾಗ ‘ಫೋನ್ ಬಂದರೆ ಸಂಪೂರ್ಣ ತೃಪ್ತಿ ಎಂದೇ ಹೇಳಿ, ಇಲ್ಲದಿದ್ದರೆ ನನ್ನ ಕೆಲಸಕ್ಕೆ ತೊಂದರೆ’ ಎಂದು ಬೇಡಿಕೊಳ್ಳುವುದು ಹಿಂದಿನ ನೌಕರರ ಮಾತುಗಳಲ್ಲಿ ಪದೇ ಪದೇ ಬರುತ್ತವೆ. ಹೊಟ್ಟೆಪಾಡಿಗಾಗಿ ಒಬ್ಬ ಯುವಕ ಅಪರಿಚಿತನ ಮುಂದೆ ಹಾಗೆ ಬೇಡುವ ಸ್ಥಿತಿಗೆ ಬಂದಾಗ, ಆ ಅಂಕಿ ಏನನ್ನು ಅಳೆಯುತ್ತಿದೆ ಎಂದು ಕಂಪನಿ ಕೇಳಿಕೊಳ್ಳಬೇಕು.

ಮೇಲಿನ ಮಹಡಿ

ಶಾಖೆಯ ಹುಡುಗ ಕರಾರು ತಿದ್ದಿ ಸಿಕ್ಕಿಬಿದ್ದರೆ ಅದೇ ದಿನ ಕೆಲಸ ಹೋಗುತ್ತದೆ. ಮೇಲೆ ಹೋದಂತೆ ನಿಯಮ ಮೃದುವಾಗುತ್ತದೆ. 2012ರ ಫೆಬ್ರವರಿಯಿಂದ 2014ರ ಮಾರ್ಚ್‌ವರೆಗಿನ ವರದಿಗಳಲ್ಲಿ ಹರ್ಟ್ಜ್ ಕಂಪನಿ ತೆರಿಗೆಪೂರ್ವ ಲಾಭವನ್ನು ಒಟ್ಟು 23.5 ಕೋಟಿ ಡಾಲರಿನಷ್ಟು ಹೆಚ್ಚು ತೋರಿಸಿತ್ತು. 2015ರಲ್ಲಿ ಲೆಕ್ಕಗಳನ್ನು ತಿದ್ದಿ ಮರುಪ್ರಕಟಿಸಿದಾಗ, ಮೇಲಿನವರು ಹಾಕಿಕೊಟ್ಟ ಮಾದರಿಯೇ ಸರಿಯಿರಲಿಲ್ಲ ಎಂದು ಕಂಪನಿ ಒಪ್ಪಿಕೊಂಡಿತು. ಅಮೆರಿಕದ ಷೇರು ವಿನಿಮಯ ಆಯೋಗ 2018ರ ಡಿಸೆಂಬರ್ 31ರಂದು ಕಂಪನಿಗೆ 1.6 ಕೋಟಿ ಡಾಲರ್ ದಂಡ ವಿಧಿಸಿತು. ಆಗಿನ ಮುಖ್ಯಸ್ಥ ಮಾರ್ಕ್ ಫ್ರಿಸೋರಾ ಮೇಲೆ 2020ರ ಆಗಸ್ಟ್‌ನಲ್ಲಿ ಪ್ರಕರಣ ದಾಖಲಾಯಿತು. ಅಂಕಿ ಮುಟ್ಟಲು ಲೆಕ್ಕದಲ್ಲಿ ದಾರಿ ಹುಡುಕಿ ಎಂದು ಕೆಳಗಿನವರ ಮೇಲೆ ಒತ್ತಡ ಹಾಕಿದರು, ಕಾರುಗಳನ್ನು ಹೆಚ್ಚು ತಿಂಗಳು ಇಟ್ಟುಕೊಂಡು ಸವಕಳಿ ಕಡಿಮೆ ತೋರಿಸಿದ್ದನ್ನು ಹೂಡಿಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದು ಆಯೋಗದ ಆರೋಪ. ತಪ್ಪನ್ನು ಒಪ್ಪದೆ, ನಿರಾಕರಿಸದೆ ಅವರು ಸುಮಾರು 20 ಲಕ್ಷ ಡಾಲರನ್ನು ಕಂಪನಿಗೆ ಹಿಂದಿರುಗಿಸಿ, 2 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದರು. ಬಿಲ್ಲನ್ನು ಡ್ರಾಯರಿನಲ್ಲಿ ಮುಚ್ಚಿಟ್ಟ ಶಾಖಾ ವ್ಯವಸ್ಥಾಪಕನಿಗೂ ಇದಕ್ಕೂ ಇರುವ ವ್ಯತ್ಯಾಸ ಮೊತ್ತದ್ದು ಮಾತ್ರ.

ದಾಖಲೆಯ ಬಗೆಗಿನ ಅಸಡ್ಡೆ ಗ್ರಾಹಕನನ್ನು ಜೈಲಿಗೂ ಕಳಿಸಿದೆ. ಕಾರು ಕಳುವಾಗಿದೆ ಎಂದು ಕಂಪನಿ ಕೊಟ್ಟ ತಪ್ಪು ದೂರಿನಿಂದ ಬಂಧನಕ್ಕೊಳಗಾದೆವು ಎಂದು ವಾದಿಸಿದವರ 364 ದಾವೆಗಳನ್ನು ಹರ್ಟ್ಜ್ 2022ರ ಡಿಸೆಂಬರ್‌ನಲ್ಲಿ ಸುಮಾರು 16.8 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಬಾಡಿಗೆ ಕಟ್ಟಿ ಕಾರು ಓಡಿಸುತ್ತಿದ್ದವರೂ ಅವರಲ್ಲಿದ್ದರು.

ಬೇರೆ ಉದ್ಯಮಗಳಲ್ಲೂ ಇದೇ ಮಾದರಿ ಕಂಡಿದೆ. ಸಿಯರ್ಸ್ ಕಂಪನಿಯ ವಾಹನ ದುರಸ್ತಿ ಕೇಂದ್ರಗಳು ಅನಗತ್ಯ ಬಿಡಿಭಾಗ ಮಾರುತ್ತಿವೆ ಎಂದು ಕ್ಯಾಲಿಫೋರ್ನಿಯ ಸರ್ಕಾರ 1992ರಲ್ಲಿ ಆರೋಪಿಸಿದಾಗ ಕಂಪನಿ ತನ್ನ ದುರಸ್ತಿ ಸಲಹೆಗಾರರ ಕಮಿಷನ್ ಪದ್ಧತಿಯನ್ನೇ ಕೈಬಿಟ್ಟಿತು. ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಗ್ರಾಹಕರಿಗೆ ತಿಳಿಯದೆ ತೆರೆದ ಖಾತೆಗಳ ಪ್ರಕರಣ 2016ರಲ್ಲಿ ಹೊರಬಂದಾಗ ಕೆಲಸ ಕಳೆದುಕೊಂಡಿದ್ದವರು ಸುಮಾರು 5,300 ಮಂದಿ. ಅವರಲ್ಲಿ ಹೆಚ್ಚಿನವರು ಕೆಳಹಂತದವರು.

ಕಾನೂನಿನ ಕ್ರಮಗಳು

ಅಮೆರಿಕದ ರಾಜ್ಯಗಳ ಅಟಾರ್ನಿ ಜನರಲ್‌ಗಳ ಸಂಘ 1989ರಲ್ಲಿ ಬಾಡಿಗೆ ಕಾರಿನ ಜಾಹೀರಾತು ಮತ್ತು ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಿತು. ಅದೇ ಕಾಲಕ್ಕೆ ಇಲಿನಾಯ್ ಮತ್ತು ನ್ಯೂಯಾರ್ಕ್ ರಾಜ್ಯಗಳು ನೇರವಾಗಿ ಬೇರಿಗೇ ಕೈಹಾಕಿದವು: ಬಾಡಿಗೆದಾರನ ಹೊಣೆಯನ್ನೇ ಕಾನೂನಿನಿಂದ ಸಣ್ಣ ಮೊತ್ತಕ್ಕೆ ಇಳಿಸಿ ವೇವರ್ ಮಾರಾಟವನ್ನೇ ನಿಷೇಧಿಸಿದವು. ನ್ಯೂಯಾರ್ಕ್ 2002ರಲ್ಲಿ ಹಿಂದೆ ಸರಿದು, ದರಕ್ಕೆ ಮಿತಿ ಹಾಕಿ ಮಾರಾಟಕ್ಕೆ ಮತ್ತೆ ಅವಕಾಶ ಕೊಟ್ಟಿತು. ಈವರೆಗಿನ ಕ್ರಮಗಳಲ್ಲಿ ಹೊಣೆಗೆ ಮಿತಿ ಹಾಕುವುದೇ ಹೆಚ್ಚು ಫಲಕಾರಿಯಾಗಿತ್ತು, ಮಾರಲು ಭಯವೇ ಉಳಿಯದಿದ್ದರೆ ನೌಕರನಿಗೆ ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ.

ಕೆನಡಾದಲ್ಲಿ ಜಾಹೀರಾತಿನ ದರಕ್ಕೆ ಕಡ್ಡಾಯ ಶುಲ್ಕಗಳನ್ನು ಆಮೇಲೆ ಸೇರಿಸಿದ್ದಕ್ಕೆ ಏವಿಸ್ ಮತ್ತು ಬಜೆಟ್ 2016ರಲ್ಲಿ 30 ಲಕ್ಷ ಕೆನಡಿಯನ್ ಡಾಲರ್ ದಂಡ ಕಟ್ಟಿದವು. ಯುರೋಪಿಯನ್ ಆಯೋಗ ಮತ್ತು ಸದಸ್ಯ ದೇಶಗಳ ಗ್ರಾಹಕ ಪ್ರಾಧಿಕಾರಗಳ ಒತ್ತಡಕ್ಕೆ ಏವಿಸ್, ಎಂಟರ್‌ಪ್ರೈಸ್, ಯೂರೋಪ್‌ಕಾರ್, ಹರ್ಟ್ಜ್, ಸಿಕ್ಸ್ಟ್ ಕಂಪನಿಗಳು 2015ರಲ್ಲಿ ತಮ್ಮ ಪದ್ಧತಿ ಬದಲಿಸಲು ಒಪ್ಪಿದವು. ಹಾನಿಗೆ ಹಣ ಕಡಿತ ಮಾಡುವ ಮೊದಲು ಗ್ರಾಹಕನಿಗೆ ಪ್ರಶ್ನಿಸಲು ಅವಕಾಶ ಕೊಡುವುದು ಅದರಲ್ಲಿ ಮುಖ್ಯ. ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಗುಪ್ತ ಶುಲ್ಕ ನಿಯಮ ಕಾರ್ಯಕ್ರಮಗಳ ಟಿಕೆಟ್ ಮತ್ತು ಅಲ್ಪಾವಧಿ ವಸತಿಗೆ ಸೀಮಿತವಾಯಿತು. ಬಾಡಿಗೆ ಕಾರು ಹೊರಗೆ ಉಳಿಯಿತು.

ಒಳಗಿನ ಅಕ್ರಮವನ್ನು ಬಯಲು ಮಾಡುವ ನೌಕರನಿಗೆ ಸಿಗುವ ರಕ್ಷಣೆಯೂ ಸಮವಾಗಿಲ್ಲ. 2002ರ ಸಾರ್ಬೇನ್ಸ್ ಆಕ್ಸ್‌ಲಿ ಕಾಯ್ದೆಯ ರಕ್ಷಣೆ ಮುಖ್ಯವಾಗಿ ಷೇರುಪೇಟೆಯ ಕಂಪನಿಗಳವರಿಗೆ. ಆದರೆ ಅಮೆರಿಕದ ಅತಿ ದೊಡ್ಡ ಬಾಡಿಗೆ ಕಾರು ಗುಂಪಾದ ಎಂಟರ್‌ಪ್ರೈಸ್ ಟೇಲರ್ ಕುಟುಂಬದ ಖಾಸಗಿ ಒಡೆತನದ್ದು.

ಭಾರತದಲ್ಲಿ

ನಮ್ಮಲ್ಲಿ ಚಾಲಕನಿಲ್ಲದ ಬಾಡಿಗೆ ಕಾರಿಗೆ 1988ರ ಮೋಟಾರು ವಾಹನ ಕಾಯ್ದೆಯ 75ನೇ ಕಲಂ ಅಡಿ 1989ರಲ್ಲಿ ರೂಪಿಸಿದ ‘ರೆಂಟ್ ಎ ಕ್ಯಾಬ್’ ಯೋಜನೆ ಆಧಾರ. ಪರವಾನಗಿಗೆ ಕನಿಷ್ಠ 50 ವಾಹನ ಇರಬೇಕು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಈ ಕಾರುಗಳ ಗುರುತು. ಬೆಂಗಳೂರಿನಲ್ಲಿ 2013ರಲ್ಲಿ ಝೂಮ್‌ಕಾರ್ ಆರಂಭವಾದ ಮೇಲೆ ಮೊಬೈಲ್ ಮೂಲಕ ಕಾರು ಪಡೆಯುವುದು ನಗರದವರಿಗೆ ರೂಢಿಯಾಯಿತು. ಇಲ್ಲಿ ಕೌಂಟರ್ ಇಲ್ಲ, ಆದ್ದರಿಂದ ಮಾತಿನ ಮಾರಾಟವೂ ಇಲ್ಲ. ಅದರ ಜಾಗವನ್ನು ಪರದೆ ತೆಗೆದುಕೊಂಡಿದೆ. ಮೊದಲೇ ಟಿಕ್ ಹಾಕಿರುವ ರಕ್ಷಣೆ, ಕೊನೆಯ ಪುಟದಲ್ಲಿ ಸೇರುವ ಶುಲ್ಕ ಇಂಥವನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ಹೊರಡಿಸಿತು. ಗ್ರಾಹಕನ ಒಪ್ಪಿಗೆಯಿಲ್ಲದೆ ಬುಟ್ಟಿಗೆ ಸರಕು ನುಸುಳಿಸುವುದು, ದರವನ್ನು ಹನಿಹನಿಯಾಗಿ ತೋರಿಸುವುದು ಸೇರಿ 13 ಬಗೆಗಳನ್ನು ಅದು ಹೆಸರಿಸುತ್ತದೆ.

ದೇಶದೊಳಗಿನ ಕಾರ್ಡ್ ಪಾವತಿಗೆ ಸಾಮಾನ್ಯವಾಗಿ ಒಟಿಪಿ ಬೇಕಾದ್ದರಿಂದ ಇಲ್ಲಿನ ಕಂಪನಿ ಕಾರು ಹಿಂದಿರುಗಿದ ಮೇಲೆ ಮನಸ್ಸಿಗೆ ಬಂದಷ್ಟು ಹಣ ಎಳೆಯುವುದು ಕಷ್ಟ. ಜಗಳವೆಲ್ಲ ಠೇವಣಿಯ ಸುತ್ತ. ಆದರೆ ಅದೇ ಕಾರ್ಡನ್ನು ಹೊರದೇಶದ ಕೌಂಟರಿನಲ್ಲಿ ಕೊಟ್ಟಾಗ ಈ ಬೇಲಿ ಇರುವುದಿಲ್ಲ. ಡಲ್ಲಾಸಿನಲ್ಲಿ ಕಾರು ಹಿಂದಿರುಗಿಸಿ ಹುಬ್ಬಳ್ಳಿಗೆ ಬಂದು ವಾರಗಳಾದ ಮೇಲೂ ಹಾನಿ, ಟೋಲ್, ಪೆಟ್ರೋಲಿನ ಹೆಸರಲ್ಲಿ ಹಣ ಕಡಿತವಾಗಬಹುದು. ಆಗ ಗ್ರಾಹಕನ ಕೈಯಲ್ಲಿರುವ ಸಾಕ್ಷಿ ಎಂದರೆ ಕಾರು ಪಡೆದಾಗ ಮತ್ತು ಬಿಟ್ಟಾಗ ತೆಗೆದ ವಿಡಿಯೊ, ಇಂಧನದ ಮುಳ್ಳು ಮತ್ತು ಓಡಿದ ಮೈಲಿ ಕಾಣುವ ಚಿತ್ರ, ಕರಾರಿನಲ್ಲಿ ರಕ್ಷಣೆ ನಿರಾಕರಿಸಿದ ಸಾಲು, ಮತ್ತು ಕೀಲಿ ಕೊಟ್ಟ ಕೂಡಲೇ ಕೇಳಿ ಪಡೆದ ಅಂತಿಮ ರಸೀದಿ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಲಿಖಿತ ತಕರಾರು ಸಲ್ಲಿಸುವಾಗ ಇವು ಜೊತೆಗಿದ್ದರೆ, ಆ ಹಣ ಏಕೆ ಪಡೆದೆವೆಂದು ದಾಖಲೆ ಸಮೇತ ತೋರಿಸುವ ಹೊಣೆ ಬಾಡಿಗೆ ಕಂಪನಿಯ ಮೇಲೆ ಬೀಳುತ್ತದೆ.